ಥಯೋನಿಲ್ ಕ್ಲೋರೈಡೋ, ಪಿಒಸಿಎಲ್ ತ್ರೀಯೋ? ಕ್ಲೋರಿನೇಷನ್‌ಗೆ ರಾಸಾಯನಿಕ ಆರಿಸುವ ಮುನ್ನ

ಬಲ್ಕ್ ಡ್ರಗ್ ಅಂದರೆ ಔಷಧಿಗಳ ಮೂಲವಸ್ತು ಮಾಡುವ ಕಾರ್ಖಾನೆಗೆ ಹೊಸ ಪ್ರಾಡಕ್ಟ್ ಬಂದರೆ ಅದರ ಸ್ಕೀಮಿನಲ್ಲಿ ಎಲ್ಲೋ ಒಂದು ಕಡೆ ಕ್ಲೋರಿನೇಷನ್ ಸ್ಟೆಪ್ ಇರುವುದು ಮಾಮೂಲಿ. ಒಂದು ಆಮ್ಲವನ್ನು ಆಸಿಡ್ ಕ್ಲೋರೈಡ್ ಮಾಡಬೇಕು. ಇಲ್ಲವೇ ಒಂದು ಹೈಡ್ರಾಕ್ಸಿ ಗುಂಪು ತೆಗೆದು ಅಲ್ಲಿ ಕ್ಲೋರಿನ್ ಕೂರಿಸಬೇಕು. ಆಗ ನಾಲ್ಕು ಹೆಸರು ಮತ್ತೆ ಮತ್ತೆ ಕೇಳಿಬರುತ್ತವೆ: ಥಯೋನಿಲ್ ಕ್ಲೋರೈಡ್, ಫಾಸ್ಫರಸ್ ಆಕ್ಸಿಕ್ಲೋರೈಡ್ ಅಂದರೆ ಪಿಒಸಿಎಲ್ ತ್ರೀ, ಫಾಸ್ಫರಸ್ ಟ್ರೈಕ್ಲೋರೈಡ್ ಅಂದರೆ ಪಿಸಿಎಲ್ ತ್ರೀ, ಮತ್ತೆ ಆಕ್ಸಲಿಲ್ ಕ್ಲೋರೈಡ್. ನಾಲ್ಕೂ ಹೊಗೆಯಾಡುವ ದ್ರವಗಳು. ನಾಲ್ಕೂ ಚರ್ಮ, ಕಣ್ಣು, ಶ್ವಾಸಕೋಶ ಸುಡುತ್ತವೆ. ನಾಲ್ಕಕ್ಕೂ ನೀರು ಆಗದು.

ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರು, ಮಂಗಳೂರಿನ ಬೈಕಂಪಾಡಿ ಅಂಥ ಕಡೆ ಕೆಲಸಕ್ಕೆ ಸೇರಿರುವ, ಸೇರಲಿರುವ ನಮ್ಮ ಕೆಮಿಸ್ಟ್ರಿ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಇವುಗಳ ಸಮೀಕರಣ ಹೇಳಿಕೊಡುತ್ತಾರೆ. ಯಾವುದನ್ನು ಯಾವಾಗ ಆರಿಸಬೇಕು ಅನ್ನುವುದನ್ನು ಹೇಳಿಕೊಡುವವರು ಕಡಿಮೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆಜಿ ರೇಟು ನೋಡಿ ಆರಿಸಬೇಡಿ. ಕೆಲಸ ಮುಗಿದ ಮೇಲೆ ಅದು ಏನು ಬಿಟ್ಟುಹೋಗುತ್ತದೆ ನೋಡಿ. ಅದನ್ನು ತಾಳಿಕೊಳ್ಳುವ ತಾಕತ್ತು ಹೊರಬರುವ ಅನಿಲ ತೊಳೆದು ಹಿಡಿಯುವ ನಿಮ್ಮ ಸ್ಕ್ರಬ್ಬರ್‌ಗೆ, ಕೊಳಕು ನೀರು ಶುದ್ಧ ಮಾಡುವ ಇಟಿಪಿಗೆ, ಶಿಫ್ಟಿನಲ್ಲಿರುವ ಜನಕ್ಕೆ ಇದೆಯಾ ಅಂತ ಕೇಳಿಕೊಳ್ಳಿ. ಆಮೇಲೆ ರೇಟು.

ಥಯೋನಿಲ್ ಕ್ಲೋರೈಡ್: ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ

ಬಣ್ಣವಿಲ್ಲದ, ಕೆಲವೊಮ್ಮೆ ತೆಳು ಹಳದಿ ದ್ರವ. ನೀರಿಗಿಂತ ಭಾರ, ಲೀಟರಿಗೆ ಸುಮಾರು 1.64 ಕೆಜಿ. ಕುದಿಯುವುದು 75-76 ಡಿಗ್ರಿ ಸೆಲ್ಸಿಯಸ್‌ಗೆ. ನಮ್ಮ ದೇಶದಲ್ಲಿ ಇದರ ಹಳೆಯ, ದೊಡ್ಡ ತಯಾರಕರಲ್ಲಿ ವಡೋದರಾದ ಟ್ರಾನ್ಸ್‌ಪೆಕ್ ಒಂದು.

ಗ್ಯಾಸ್ಟ್ರಿಕ್ ಅಂತ ನಾವು ನುಂಗುವ ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳ ಹಿಂದೆ ಇದೇ ದ್ರವ ಇದೆ. ಪಿರಿಡಿನ್ ಉಂಗುರಕ್ಕೆ ಅಂಟಿಕೊಂಡ ಹೈಡ್ರಾಕ್ಸಿಮೀಥೈಲ್ ಗುಂಪನ್ನು ಕ್ಲೋರೊಮೀಥೈಲ್ ಮಾಡುವುದು ಥಯೋನಿಲ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್‌ನಲ್ಲಿ ಮೆಥನಾಲ್ ಜೊತೆ ಸೇರಿ ಆಮ್ಲವನ್ನು ಮೀಥೈಲ್ ಎಸ್ಟರ್ ಮಾಡಲು ಬಳಸುತ್ತಾರೆ. ನೀರಿನ ಮೀಟರ್, ಗ್ಯಾಸ್ ಮೀಟರ್‌ಗಳ ಒಳಗೆ ವರ್ಷಗಟ್ಟಲೆ ಬಾಳುವ 3.6 ವೋಲ್ಟಿನ ಲಿಥಿಯಂ ಬ್ಯಾಟರಿಯಲ್ಲೂ ಇದು ಇರುತ್ತದೆ.

ಇದನ್ನು ಎಲ್ಲರೂ ಇಷ್ಟಪಡುವುದಕ್ಕೆ ಕಾರಣ ಸರಳ. ಕೆಲಸ ಮುಗಿದ ಮೇಲೆ ಉಳಿಯುವುದು ಸಲ್ಫರ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಕ್ಲೋರೈಡ್. ಎರಡೂ ಅನಿಲ. ಹೆಚ್ಚುವರಿ ಥಯೋನಿಲ್ ಇದ್ದರೆ ಕಡಿಮೆ ಉಷ್ಣತೆಯಲ್ಲೇ ಡಿಸ್ಟಿಲ್ ಆಗಿ ಹೋಗುತ್ತದೆ. ರಿಯಾಕ್ಟರ್‌ನಲ್ಲಿ ಪ್ರಾಡಕ್ಟ್ ಮಾತ್ರ ಉಳಿಯುತ್ತದೆ. ಲ್ಯಾಬಿನಲ್ಲಿ ಇದು ವರ. ಪ್ಲಾಂಟಿನಲ್ಲಿ ಅದೇ ಅನಿಲದ ಲೆಕ್ಕ ಹಾಕಲೇಬೇಕು.

ಲೆಕ್ಕ ಮಾಡಿ ನೋಡೋಣ. ಒಂದು ಕೆಜಿ ಥಯೋನಿಲ್ ಪೂರ್ತಿ ವರ್ತಿಸಿದರೆ 400 ಲೀಟರಿಗೂ ಜಾಸ್ತಿ ಅನಿಲ ಬರುತ್ತದೆ. ಬ್ಯಾಚಿಗೆ 300 ಕೆಜಿ ಹಾಕಿದಿರಿ ಅಂದರೆ 120 ಘನ ಮೀಟರಿಗೂ ಮೇಲೆ. ಅದನ್ನೆಲ್ಲ ಸ್ಕ್ರಬ್ಬರ್ ಹಿಡಿಯಬೇಕು. 119 ಕೆಜಿ ಥಯೋನಿಲ್‌ನಿಂದ ಬರುವ ಅನಿಲಕ್ಕೆ 120 ಕೆಜಿ ಕಾಸ್ಟಿಕ್ ಸೋಡಾ ಬೇಕು. ಹೆಚ್ಚು ಕಡಿಮೆ ಕೆಜಿಗೆ ಕೆಜಿ. ಶೇ. 10ರ ದ್ರಾವಣ ಇಟ್ಟುಕೊಂಡರೆ ಆ 300 ಕೆಜಿ ಬ್ಯಾಚಿಗೆ 3 ಟನ್ ಸ್ಕ್ರಬ್ಬರ್ ದ್ರಾವಣ. ಜಾಗ ಉಳಿಸೋಣ ಅಂತ ಗಟ್ಟಿ ಕಾಸ್ಟಿಕ್ ಹಾಕಿದರೆ ಉಪ್ಪು ಕೂತು ಪ್ಯಾಕಿಂಗ್ ಕಟ್ಟಿಕೊಳ್ಳುತ್ತದೆ. ಮೊದಲು ನೀರಿನ ಸ್ಕ್ರಬ್ಬರ್ ಇಟ್ಟು ಹೈಡ್ರೋಜನ್ ಕ್ಲೋರೈಡನ್ನು ಆಸಿಡ್ ಆಗಿ ಹಿಡಿದು, ಆಮೇಲೆ ಕಾಸ್ಟಿಕ್‌ನಲ್ಲಿ ಸಲ್ಫರ್ ಡೈಆಕ್ಸೈಡ್ ಹಿಡಿಯುವುದು ಒಳ್ಳೆಯ ಕ್ರಮ. ಕಾಸ್ಟಿಕ್ ಖರ್ಚೂ ಕಡಿಮೆಯಾಗುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಇದೆ. ಥಯೋನಿಲ್ ಹಾಕುವಾಗ ರಿಯಾಕ್ಟರ್ ತಣ್ಣಗಿಟ್ಟರೆ ಸಲ್ಫರ್ ಡೈಆಕ್ಸೈಡ್ ದ್ರವದಲ್ಲೇ ಕರಗಿ ಕೂರುತ್ತದೆ. ವೆಂಟ್‌ನಲ್ಲಿ ಏನೂ ಕಾಣುವುದಿಲ್ಲ. ಎಲ್ಲ ಶಾಂತವಾಗಿದೆ ಅಂದುಕೊಂಡು ಜಾಕೆಟ್‌ಗೆ ಬಿಸಿನೀರು ಬಿಟ್ಟರೆ ಕರಗಿದ್ದೂ ಹೊಸದಾಗಿ ಹುಟ್ಟಿದ್ದೂ ಒಟ್ಟಿಗೆ ಏಳುತ್ತವೆ. ಸ್ಕ್ರಬ್ಬರ್ ಅಷ್ಟನ್ನು ನುಂಗದು. ಸುತ್ತಲಿನ ಊರಿನವರು ರಾತ್ರಿ ವಾಸನೆ ಬಂತು, ಕಣ್ಣು ಉರಿಯಿತು ಅಂದರೆ ಅವರ ಮಾತನ್ನು ತಳ್ಳಿಹಾಕಬಾರದು. ಆ ಹೊತ್ತಿನ ಬ್ಯಾಚ್ ಶೀಟಿನಲ್ಲಿ ಉಷ್ಣತೆ ಎಷ್ಟು ಬೇಗ ಏರಿತು ಅಂತ ನೋಡಬೇಕು. ನಿಧಾನಕ್ಕೆ ಬಿಸಿ ಮಾಡುವುದು, ಅಥವಾ ಅನಿಲ ಆಗಿಂದಾಗ ಹೊರಡುವಷ್ಟು ಉಷ್ಣತೆಯಲ್ಲೇ ಹನಿಹನಿಯಾಗಿ ಹಾಕುವುದು ಇದಕ್ಕಿರುವ ದಾರಿ.

ನೀರಿನ ವಿಷಯ. 1 ಲೀಟರ್ ನೀರು 6.6 ಕೆಜಿ ಥಯೋನಿಲ್ ಜೊತೆ ವರ್ತಿಸಿ ಸುಮಾರು 4,000 ಲೀಟರ್ ಅನಿಲ ಕೊಡಬಲ್ಲದು. ರಿಯಾಕ್ಟರ್ ತೊಳೆದ ಮೇಲೆ ಬಾಟಮ್ ವಾಲ್ವ್ ಬಳಿ ಒಂದು ಲೀಟರ್ ನೀರು ಉಳಿಯುವುದು ದೊಡ್ಡ ವಿಷಯವಾ? ಕಂಡೆನ್ಸರ್ ಟ್ಯೂಬ್ ಸೋರಿ ನೀರು ಒಳಗೆ ಬಂದರಂತೂ ನಿಲ್ಲುವುದೇ ಇಲ್ಲ. ಹಾಗಾಗಿ ಟೊಲ್ವಿನ್ ಹಾಕಿ ರಿಫ್ಲಕ್ಸ್ ಮಾಡಿ ನೀರು ತೆಗೆದು, ಕೆಎಫ್ (ನೀರಿನಂಶ ಅಳೆಯುವ ಕಾರ್ಲ್ ಫಿಷರ್ ಪರೀಕ್ಷೆ) ನೋಡಿ, ಆಮೇಲೆ ಚಾರ್ಜ್ ಮಾಡಬೇಕು. ಕಂಡೆನ್ಸರ್‌ಗೆ ಪ್ರೆಷರ್ ಟೆಸ್ಟ್ ಆಗಿದೆಯಾ ಅಂತ ಕೇಳಲು ಹೊಸಬರು ಹಿಂಜರಿಯಬಾರದು.

ಇದು ಒಗ್ಗದ ಕಡೆಗಳೂ ಇವೆ. ಮುಂದಿನ ಸ್ಟೆಪ್ ಪಲ್ಲಾಡಿಯಂ ಕಾರ್ಬನ್‌ನಲ್ಲಿ ಹೈಡ್ರೋಜನೇಷನ್ ಆಗಿದ್ದರೆ ಯೋಚಿಸಿ. ಥಯೋನಿಲ್‌ನಲ್ಲಿ ಕಲಬೆರಕೆಯಾಗಿ ಗಂಧಕದ ಕ್ಲೋರೈಡುಗಳು ಇರುತ್ತವೆ. 140 ಡಿಗ್ರಿ ದಾಟಿದರೆ ಅದು ತಾನೇ ಒಡೆದು ಅವನ್ನು ಹುಟ್ಟಿಸುತ್ತದೆ. ಗಂಧಕ ಸ್ವಲ್ಪ ಉಳಿದರೂ ಪಲ್ಲಾಡಿಯಂ ಸತ್ತಂತೆ. ದುಬಾರಿ ಕ್ಯಾಟಲಿಸ್ಟ್ ಹೋಗುತ್ತದೆ, ಬ್ಯಾಚೂ ನಿಲ್ಲುತ್ತದೆ. ನಿಮ್ಮ ಪ್ರಾಡಕ್ಟ್ 75ರ ಆಸುಪಾಸಿನಲ್ಲೇ ಕುದಿಯುವಂಥದ್ದಾದರೂ ಕಷ್ಟ. ಪ್ರೊಪಿಯೊನಿಲ್ ಕ್ಲೋರೈಡ್ 80ಕ್ಕೆ ಕುದಿಯುತ್ತದೆ. ಅದನ್ನು ಹೆಚ್ಚುವರಿ ಥಯೋನಿಲ್‌ನಿಂದ ಬೇರ್ಪಡಿಸಲು ಹೊರಟರೆ ಕಾಲಂ ಮುಂದೆ ದಿನವೆಲ್ಲ ಕೂರಬೇಕು. ಸಾಲ್ವೆಂಟ್ ಕೂಡ ನೋಡಿಕೊಳ್ಳಿ. ಟೊಲ್ವಿನ್, ಡೈಕ್ಲೋರೊಮೀಥೇನ್ ಪರವಾಗಿಲ್ಲ. ಟಿಎಚ್‌ಎಫ್‌ನ ಉಂಗುರ ಒಡೆಯುತ್ತದೆ. ಡಿಎಂಎಸ್‌ಒ ಜೊತೆ ಸೇರಿಸುವ ಮಾತೇ ಬೇಡ, ಅದು ಸ್ಫೋಟದ ದಾರಿ.

ಪಿಒಸಿಎಲ್ ತ್ರೀ: ಶಾಂತವಾಗಿ ಕಾಣುತ್ತದೆ, ಅದೇ ಅಪಾಯ

ಇದು ಕುದಿಯುವುದು 106 ಡಿಗ್ರಿಗೆ. ಹಾಗಾಗಿ ಥಯೋನಿಲ್‌ಗಿಂತ ಕಡಿಮೆ ಆವಿಯಾಗುತ್ತದೆ. ಡ್ರಮ್ ತೆರೆದಾಗ ಹೊಗೆ ಸ್ವಲ್ಪ ಕಡಿಮೆ. ಗಟ್ಟಿಯಾಗುವುದು ಮಾತ್ರ 1 ಡಿಗ್ರಿ ಆಸುಪಾಸಿನಲ್ಲೇ. ಬ್ರೈನ್ ಅಂದರೆ ತಣ್ಣನೆ ಉಪ್ಪುನೀರು ಬಿಟ್ಟು ತಣ್ಣಗೆ ಮಾಡಿದ ಲೈನಿನಲ್ಲಿ ಇದು ಹೆಪ್ಪುಗಟ್ಟಿ ಕೂರಬಹುದು.

ಇದರ ನಿಜವಾದ ಜಾಗ ಸಾರಜನಕ ಇರುವ ಉಂಗುರಗಳ ಮೇಲಿನ ಹೈಡ್ರಾಕ್ಸಿ. 2020ರಲ್ಲಿ ಎಲ್ಲರ ಬಾಯಲ್ಲೂ ಇದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಗೊತ್ತಲ್ವಾ? ಅದರ ಮುಖ್ಯ ಇಂಟರ್‌ಮೀಡಿಯೇಟ್ 4,7-ಡೈಕ್ಲೋರೊಕ್ವಿನೊಲಿನ್. 7-ಕ್ಲೋರೊ-4-ಹೈಡ್ರಾಕ್ಸಿಕ್ವಿನೊಲಿನ್‌ಗೆ ಪಿಒಸಿಎಲ್ ತ್ರೀ ಹಾಕಿ ಬಿಸಿ ಮಾಡಿದರೆ ಅದು ಸಿಗುತ್ತದೆ. ಈ ಕೆಲಸ ಥಯೋನಿಲ್ ಒಂದರಿಂದಲೇ ಸಾಮಾನ್ಯವಾಗಿ ಆಗದು. ಡಿಎಂಎಫ್ ಅನ್ನುವ ಸಾಲ್ವೆಂಟ್ ಜೊತೆ ಸೇರಿಸಿ ಆಲ್ಡಿಹೈಡ್ ಕೂರಿಸುವ ವಿಲ್ಸ್‌ಮೇಯರ್ ಕ್ರಿಯೆಗೂ ಪಿಒಸಿಎಲ್ ತ್ರೀಯೇ ರೂಢಿ. ಆದರೆ ಸಾದಾ ಆಮ್ಲವನ್ನು ಆಸಿಡ್ ಕ್ಲೋರೈಡ್ ಮಾಡಲು ಇದನ್ನು ತರಬೇಡಿ. ಅದಕ್ಕೆ ಇದು ಅಷ್ಟು ಚೆನ್ನಾಗಿ ಒಗ್ಗುವುದಿಲ್ಲ.

ಇದರಲ್ಲಿ ಅಪಘಾತ ಆಗುವುದು ಕ್ರಿಯೆ ನಡೆಯುವಾಗ ಅಲ್ಲ, ಹೆಚ್ಚಾಗಿ ಆಮೇಲೆ. ಹೆಚ್ಚುವರಿ ಪಿಒಸಿಎಲ್ ತ್ರೀಯನ್ನು ನೀರಿನಲ್ಲಿ ಕೊಲ್ಲಬೇಕಲ್ಲ, ಆ ಕ್ವೆಂಚ್ ಹೊತ್ತಿನಲ್ಲಿ. ಬಿಸಿಯಾಗುವ ವಸ್ತು ಅಂದಮೇಲೆ ಐಸ್ ನೀರಿಗೆ ಸುರಿಯುವುದೇ ಸರಿ ಅಂತ ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಅದು ತಪ್ಪು. ಪಿಒಸಿಎಲ್ ತ್ರೀ ಭಾರ, ತಳಕ್ಕೆ ಇಳಿಯುತ್ತದೆ. ತಣ್ಣನೆ ನೀರಿನಲ್ಲಿ ಅದರ ಕ್ರಿಯೆ ನಿಧಾನ. ಮೊದಲ ಹಂತ ಮುಗಿದು ಅರ್ಧಂಬರ್ಧ ಒಡೆದ ಪಿಒಸಿಎಲ್ ತ್ರೀ ದ್ರಾವಣದಲ್ಲಿ ಸೇರುತ್ತಾ ಹೋಗುತ್ತದೆ. ಥರ್ಮಾಮೀಟರ್ ಅಲುಗುವುದಿಲ್ಲ. ಆಪರೇಟರ್ ಸುಮ್ನೆ ಹಾಕುತ್ತಾ ಹೋಗುತ್ತಾರೆ. ಯಾವುದೋ ಹೊತ್ತಿಗೆ ಉಷ್ಣತೆ ಏರಲು ಶುರುವಾಗುತ್ತದೆ. ಆಗ ಸೇರಿಕೊಂಡಿದ್ದೆಲ್ಲ ಒಟ್ಟಿಗೆ ಒಡೆದು, ಬಿಸಿ ಮತ್ತು ಹೈಡ್ರೋಜನ್ ಕ್ಲೋರೈಡ್ ಎರಡೂ ನುಗ್ಗುತ್ತವೆ. ಡ್ರಮ್ಮಿಗೆ ತುಂಬಿಟ್ಟ ತ್ಯಾಜ್ಯ ಗಂಟೆಗಳ ಮೇಲೆ ಉಬ್ಬುವುದೂ ಇದೇ ಕಾರಣಕ್ಕೆ.

ಸರಿಯಾದ ರೀತಿ ಬೇರೆ. ರಿಯಾಕ್ಷನ್ ಮಾಸ್ ಅನ್ನು ತುಸು ಬೆಚ್ಚಗಿನ, ಸುಮಾರು 40 ಡಿಗ್ರಿಯ ನೀರಿಗೆ ನಿಧಾನವಾಗಿ ಹಾಕಬೇಕು. ಚೆನ್ನಾಗಿ ಕಲಕುತ್ತಿರಬೇಕು. ಹಾಕಿದ್ದು ಹಾಕಿದಂತೆ ಪೂರ್ತಿ ಒಡೆಯುತ್ತದೆ, ಬಿಸಿ ಹುಟ್ಟುತ್ತದೆ, ಜಾಕೆಟ್ ಅದನ್ನು ಎಳೆದುಕೊಳ್ಳುತ್ತದೆ. ಇದಕ್ಕೂ ಮೊದಲು, ಸಾಧ್ಯವಿರುವ ಕಡೆ ಹೆಚ್ಚುವರಿಯನ್ನು ವ್ಯಾಕ್ಯೂಮ್‌ನಲ್ಲಿ ಡಿಸ್ಟಿಲ್ ಮಾಡಿ ತೆಗೆದುಬಿಡಬೇಕು. ಸ್ಕೇಲ್ ಏರಿಸುವ ಮುನ್ನ ಈ ಕ್ವೆಂಚನ್ನು ಕ್ಯಾಲೊರಿಮೀಟರ್‌ನಲ್ಲಿ ಅಳೆಸಿ. ಲ್ಯಾಬಿನ ಬೀಕರ್‌ನಲ್ಲಿ ಏನೂ ಆಗಲಿಲ್ಲ ಅನ್ನುವುದು ಮೂರು ಸಾವಿರ ಲೀಟರ್ ರಿಯಾಕ್ಟರ್‌ಗೆ ಸಾಕ್ಷಿಯಲ್ಲ.

ಕೊನೆಗೆ ಉಳಿಯುವುದು ಫಾಸ್ಫರಿಕ್ ಆಮ್ಲ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ತುಂಬಿದ ನೀರು. ಇಟಿಪಿಯಲ್ಲಿ ಸುಣ್ಣ ಹಾಕಿ ಫಾಸ್ಫೇಟ್ ಕೂರಿಸಿದರೆ ಕೆಸರು. ಆ ಕೆಸರನ್ನು ಎಲ್ಲಿಗೆ ಕಳಿಸುತ್ತೀರಿ, ಅದಕ್ಕೆಷ್ಟು ಖರ್ಚು? ಪಿಒಸಿಎಲ್ ತ್ರೀಯ ನಿಜವಾದ ರೇಟು ಆ ಬಿಲ್ಲೂ ಸೇರಿದ್ದು.

ಪಿಸಿಎಲ್ ತ್ರೀ: ಕಡಿಮೆ ಸಾಕು, ತಳ ಮಾತ್ರ ಅಂಟು

ಲೆಕ್ಕದಲ್ಲಿ ಇದಕ್ಕಿಂತ ಮಿತವ್ಯಯದ್ದು ಇನ್ನೊಂದಿಲ್ಲ. ಇದರ ಮೂರೂ ಕ್ಲೋರಿನ್ ಕೆಲಸಕ್ಕೆ ಬರುತ್ತವೆ. ಒಂದು ಕಿಲೋಮೋಲ್ ಆಮ್ಲಕ್ಕೆ ಥಯೋನಿಲ್ 119 ಕೆಜಿ, ಆಕ್ಸಲಿಲ್ 127 ಕೆಜಿ ಬೇಕಾದರೆ ಪಿಸಿಎಲ್ ತ್ರೀ ಲೆಕ್ಕಕ್ಕೆ 46 ಕೆಜಿ ಸಾಕು. ಪ್ರೊಪಿಯೊನಿಲ್ ಕ್ಲೋರೈಡ್ ಥರದ ಹಗುರ ಆಸಿಡ್ ಕ್ಲೋರೈಡುಗಳಿಗೆ ಇದು ಹೇಳಿಮಾಡಿಸಿದ್ದು. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ತಯಾರಿಸುವಾಗ ರಂಜಕ ಸೇರಿಸಲು ಬಳಸುವುದೂ ಇದನ್ನೇ. ಕೀಟನಾಶಕಗಳ ಲೋಕದಲ್ಲಂತೂ ಇದೇ ತಾಯಿಬೇರು.

ತೊಡಕು ಇರುವುದು ತಳದಲ್ಲಿ. ಕ್ರಿಯೆ ಮುಗಿದಾಗ ಫಾಸ್ಫರಸ್ ಆಮ್ಲ ಮಂದವಾಗಿ ಕೆಳಗೆ ನಿಲ್ಲುತ್ತದೆ. ಶುದ್ಧವಾಗಿದ್ದರೆ ಅದು ಕರಗುವುದು 70 ಡಿಗ್ರಿ ದಾಟಿದ ಮೇಲೆ. ರಿಯಾಕ್ಟರ್ ತಣ್ಣಗಾಗಲು ಬಿಟ್ಟರೆ ಬಾಟಮ್ ವಾಲ್ವ್ ಕಟ್ಟಿಕೊಳ್ಳುತ್ತದೆ. ಆಗ ಸ್ಟೀಮ್ ಜಾಸ್ತಿ ಬಿಟ್ಟು ಕರಗಿಸೋಣ ಅನ್ನುವ ಆತುರ ಬರುತ್ತದೆ. ಆ ಆತುರ ಬೇಡ. ಫಾಸ್ಫರಸ್ ಆಮ್ಲವನ್ನು 200 ಡಿಗ್ರಿ ಕಡೆಗೆ ಒಯ್ದರೆ ಫಾಸ್ಫೀನ್ ಬರುತ್ತದೆ. ಅದು ಕಡು ವಿಷ, ಜೊತೆಗೆ ಬೆಂಕಿ ಹಿಡಿಯುವ ಅನಿಲ. ಡಿಸ್ಟಿಲೇಷನ್ ಮುಗಿಸುವಾಗ ತಳ ಪೂರ್ತಿ ಒಣಗುವವರೆಗೆ ಎಳೆಯಬಾರದು ಅನ್ನುವುದು ಇದಕ್ಕೇ. ಯೀಲ್ಡ್ ಅರ್ಧ ಪರ್ಸೆಂಟ್ ಕಡಿಮೆಯಾದರೆ ಆಗಲಿ.

ಪಿಸಿಎಲ್ ತ್ರೀ ಸೋರಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಸೋಮರ್‌ವಿಲ್ ನೆನಪಿಡಬೇಕಾದ ಊರು. ಮ್ಯಾಸಚೂಸೆಟ್ಸ್ ರಾಜ್ಯದ ಆ ಊರಲ್ಲಿ 1980ರ ಏಪ್ರಿಲ್‌ನಲ್ಲಿ ರೈಲಿನ ಟ್ಯಾಂಕರ್ ಒಡೆದು ಇದು ಚೆಲ್ಲಿತು. ಆಮ್ಲದ ಮೋಡ ಎದ್ದು ಸಾವಿರಾರು ಜನ ಮನೆ ಬಿಟ್ಟು ಹೋಗಬೇಕಾಯಿತು.

ಆಕ್ಸಲಿಲ್ ಕ್ಲೋರೈಡ್: ಮೃದು, ದುಬಾರಿ, ವಾಸನೆ ಇಲ್ಲದ ಅಪಾಯ

ಸೂಕ್ಷ್ಮವಾದ ಅಣು, ಬಿಸಿ ತಾಳದು, ಗಂಧಕವೂ ರಂಜಕವೂ ಸೋಕಬಾರದು ಅಂದರೆ ಇದು. ಒಂದೆರಡು ಹನಿ ಡಿಎಂಎಫ್ ಹಾಕಿದರೆ ಕೋಣೆಯ ಉಷ್ಣತೆಯಲ್ಲೇ ಕೆಲಸ ಮುಗಿಯುತ್ತದೆ. ಕುದಿಯುವುದು 63-64 ಡಿಗ್ರಿಗೆ, ತೆಗೆಯುವುದೂ ಸುಲಭ. ರೇಟು ಜಾಸ್ತಿ, ಹಾಗಾಗಿ ಕೆಜಿಗೆ ಸಾವಿರಾರು ರೂಪಾಯಿ ಬಾಳುವ ಪ್ರಾಡಕ್ಟ್‌ಗಳಿಗೆ ಮಾತ್ರ ಹೊಂದುತ್ತದೆ.

ಆದರೆ ಇದು ಬಿಟ್ಟುಹೋಗುವ ಮೂರು ಅನಿಲಗಳಲ್ಲಿ ಒಂದು ಕಾರ್ಬನ್ ಮೊನಾಕ್ಸೈಡ್. ಒಂದು ಕೆಜಿ ಆಕ್ಸಲಿಲ್‌ಗೆ ಸುಮಾರು 190 ಲೀಟರ್. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಕಾಸ್ಟಿಕ್ ಸ್ಕ್ರಬ್ಬರ್ ಇದನ್ನು ಹಿಡಿಯದು. ನಿಮ್ಮ ಮುಖವಾಡದಲ್ಲಿರುವ ಆಸಿಡ್ ಗ್ಯಾಸ್ ಕಾರ್ಟ್ರಿಡ್ಜ್ ಕೂಡ ಹಿಡಿಯದು. ಥಯೋನಿಲ್ ಸೋರಿದರೆ ಮೂಗು, ಗಂಟಲು ತಕ್ಷಣ ಎಚ್ಚರಿಸುತ್ತವೆ, ಜನ ಓಡುತ್ತಾರೆ. ಇಲ್ಲಿ ಹೈಡ್ರೋಜನ್ ಕ್ಲೋರೈಡನ್ನು ಸ್ಕ್ರಬ್ಬರ್ ನುಂಗಿದ ಮೇಲೆ ಎಚ್ಚರಿಸಲು ಏನೂ ಉಳಿಯುವುದಿಲ್ಲ. ಥಯೋನಿಲ್‌ಗೆ ಕಟ್ಟಿದ ವ್ಯವಸ್ಥೆಯಲ್ಲೇ ಆಕ್ಸಲಿಲ್ ನಡೆಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್ ಇಲ್ಲದ ಬ್ಲಾಕಿಗೆ ಆಕ್ಸಲಿಲ್ ಡ್ರಮ್ ಬರಲೇಬಾರದು.

ಡಿಎಂಎಫ್ ಬಗ್ಗೆ ಒಂದು ಮಾತು. ಇದು ಥಯೋನಿಲ್‌ಗೂ ಆಕ್ಸಲಿಲ್‌ಗೂ ಕ್ಯಾಟಲಿಸ್ಟ್ ಆಗಿ ನಡೆಯುತ್ತದೆ. ಆದರೆ ಜೊತೆಗೆ ಡೈಮೀಥೈಲ್ ಕಾರ್ಬಮಾಯಿಲ್ ಕ್ಲೋರೈಡ್ ಸಣ್ಣ ಪ್ರಮಾಣದಲ್ಲಿ ಹುಟ್ಟುತ್ತದೆ. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವುದು ಸಾಬೀತಾಗಿರುವ ವಸ್ತು ಅದು. ಔಷಧಿಯ ಕೊನೆಯ ಸ್ಟೆಪ್ಪುಗಳಲ್ಲಿ ಡಿಎಂಎಫ್ ಬಳಸಿದ್ದರೆ ಅದನ್ನು ಅಳೆದು ತೋರಿಸಬೇಕು. ಇನ್ನೊಂದು, ಥಯೋನಿಲ್ ಮತ್ತು ಡಿಎಂಎಫ್ ಮೊದಲೇ ಬೆರೆಸಿ ನಾಳೆಗೆ ಅಂತ ಇಟ್ಟುಕೊಳ್ಳಬೇಡಿ. ಆ ಮಿಶ್ರಣ ತಾನಾಗಿಯೇ ಬಿಸಿಯೇರಿ ಸಿಡಿಯಬಹುದು.

ಪಿಸಿಎಲ್ ಫೈವ್ ಅಂದರೆ ಫಾಸ್ಫರಸ್ ಪೆಂಟಾಕ್ಲೋರೈಡ್ ಪುಡಿಯನ್ನು ಈ ಪಟ್ಟಿಗೆ ಸೇರಿಸಲಿಲ್ಲ. ಘನವಸ್ತು ಆದ್ದರಿಂದ ಮ್ಯಾನ್‌ಹೋಲ್ ತೆರೆದು ಸುರಿಯುವ ಪರಿಸ್ಥಿತಿ ಬರುತ್ತದೆ, ಅದೊಂದೇ ಸಾಕು ಬೇಡ ಅನ್ನಲು. ಟ್ರೈಫಾಸ್ಜೀನ್ ಪುಡಿ ಸುರಕ್ಷಿತ ಅನ್ನುವವರೂ ಇದ್ದಾರೆ. ಅದು ಫಾಸ್ಜೀನ್ ಅನ್ನುವ ಕಡು ವಿಷಾನಿಲವಾಗಿಯೇ ಕೆಲಸ ಮಾಡುವುದು. ಹಾಗೆಂದೇ ನೋಡಬೇಕು.

ಯಾವುದನ್ನೇ ಆರಿಸಿ, ಇಷ್ಟು ಬೇಕು

ಸ್ಟೇನ್‌ಲೆಸ್ ಸ್ಟೀಲ್ ಬೇಡ, ಒದ್ದೆ ಹೈಡ್ರೋಜನ್ ಕ್ಲೋರೈಡ್ ಅದನ್ನು ತೂತು ಮಾಡುತ್ತದೆ. ಗ್ಲಾಸ್ ಲೈನ್ಡ್ ರಿಯಾಕ್ಟರ್, ಟೆಫ್ಲಾನ್ ಗ್ಯಾಸ್ಕೆಟ್. ಗಾಜಿನ ಪದರ ಎಲ್ಲಾದರೂ ಸಿಡಿದಿದೆಯಾ ಅಂತ ಸ್ಪಾರ್ಕ್ ಟೆಸ್ಟ್ ಆಗಾಗ ಆಗಬೇಕು. ಡ್ರಮ್‌ನಿಂದ ನೈಟ್ರೋಜನ್ ಒತ್ತಡದಲ್ಲೋ ಮುಚ್ಚಿದ ಪಂಪಿನಲ್ಲೋ ಎಳೆಯಬೇಕು, ಬಕೆಟ್ಟಿನಲ್ಲಿ ಸುರಿಯುವುದಲ್ಲ. ಮೇ ತಿಂಗಳ ರಾಯಚೂರು, ಯಾದಗಿರಿ ಬಿಸಿಲಿಗೆ ಡ್ರಮ್ ಒಳಗೆ ಒತ್ತಡ ಕಟ್ಟಿರುತ್ತದೆ. ಬಂಗ್ ಅಂದರೆ ಡ್ರಮ್ಮಿನ ಬಿರಡೆಯನ್ನು ಸ್ವಲ್ಪ ಸಡಿಲಿಸಿ, ಕಾದು, ಆಮೇಲೆ ತೆಗೆಯಬೇಕು. ಕರಾವಳಿಯಲ್ಲಿ ಸಮಸ್ಯೆ ತೇವ. ಅರ್ಧ ಬಳಸಿದ ಡ್ರಮ್ಮನ್ನು ಮಳೆಗಾಲದಲ್ಲಿ ಸುಮ್ನೆ ಮುಚ್ಚಿಟ್ಟರೆ ಅದು ಗಾಳಿಯ ನೀರು ಎಳೆದುಕೊಂಡು ಒಳಗೇ ಅನಿಲ ಕಟ್ಟುತ್ತದೆ.

ನೀರಿನ ವಿಷಯದಲ್ಲಿ ಹೊಸಬರು ಗೊಂದಲ ಮಾಡಿಕೊಳ್ಳುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ನೆಲಕ್ಕೆ ಚೆಲ್ಲಿದರೆ ನೀರು ಹಾಕಬಾರದು. ಒಣ ಮರಳು ಸುರಿದು ಹರಡದಂತೆ ತಡೆಯಬೇಕು, ಒಣ ಸೋಡಾ ಆ್ಯಶ್ ಹಾಕಬೇಕು. ಆ ಕೆಲಸಕ್ಕೆ ಹೋಗುವವರ ಬೆನ್ನಿಗೆ ಗಾಳಿಯ ಸಿಲಿಂಡರ್ ಇರಬೇಕು, ಕಾರ್ಟ್ರಿಡ್ಜ್ ಮಾಸ್ಕ್ ಸಾಲದು. ಮೈಮೇಲೆ ಬಿದ್ದರೆ ಮಾತ್ರ ನೀರೇ ಗತಿ. ಬಟ್ಟೆ ಕಳಚುತ್ತಲೇ ಸೇಫ್ಟಿ ಶವರ್ ಕೆಳಗೆ ಧಾರಾಳವಾಗಿ, 15 ನಿಮಿಷಕ್ಕೂ ಜಾಸ್ತಿ. ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆಯುತ್ತಲೇ ಇರಬೇಕು. ನಾಚಿಕೆ, ಸಂಕೋಚಕ್ಕೆ ಅಲ್ಲಿ ಜಾಗವಿಲ್ಲ. ಆವಿ ಕುಡಿದವರು ಅರ್ಧ ಗಂಟೆ ಬಿಟ್ಟು ಈಗ ಪರವಾಗಿಲ್ಲ ಸಾರ್ ಅಂದರೂ ಮನೆಗೆ ಕಳಿಸಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರವೂ ಶುರುವಾಗಬಹುದು. ಆಸ್ಪತ್ರೆಯಲ್ಲಿ ಒಂದು ರಾತ್ರಿಯಾದರೂ ಇರಲಿ. ಏನು ಕುಡಿದರು ಅನ್ನುವ ಚೀಟಿ ಜೊತೆಗೇ ಹೋಗಲಿ.

ಇಟಿಪಿಯವರಿಗೂ ಮುಂಚೆಯೇ ತಿಳಿಸಿ. ಥಯೋನಿಲ್ ಸ್ಕ್ರಬ್ಬರ್‌ನಿಂದ ಬರುವ ಸಲ್ಫೈಟ್ ನೀರಿಗೆ ಬೇರೆ ಬ್ಲಾಕಿನ ಆಸಿಡ್ ನೀರು ಸೇರಿದರೆ ಸಲ್ಫರ್ ಡೈಆಕ್ಸೈಡ್ ಮತ್ತೆ ಎದ್ದುಬರುತ್ತದೆ. ಕ್ಲೋರಿನೇಷನ್ ಬ್ಲಾಕಿನಲ್ಲಿ ಎಲ್ಲ ಮಾಸ್ಕ್ ಹಾಕಿಕೊಂಡಿರುತ್ತಾರೆ. ಇಟಿಪಿಯಲ್ಲಿ ಗುತ್ತಿಗೆ ಕೆಲಸದವರು ಬರೀ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತಿರುತ್ತಾರೆ. ಸಲ್ಫೈಟ್ ಇದ್ದರೆ ನೀರಿನ ಕೊಳೆ ಅಳೆಯುವ ಸಿಒಡಿ ಕೂಡ ಜಾಸ್ತಿ ತೋರುತ್ತದೆ. ಮೊದಲೇ ಗಾಳಿ ಊದಿ ಸಲ್ಫೇಟ್ ಮಾಡಿಕೊಂಡರೆ ಎರಡೂ ತಲೆನೋವು ಕಡಿಮೆ.

ಕಾಗದಪತ್ರದ ಕಡೆ: ಥಯೋನಿಲ್, ಪಿಒಸಿಎಲ್ ತ್ರೀ, ಪಿಸಿಎಲ್ ತ್ರೀ ಮೂರೂ ರಾಸಾಯನಿಕ ಅಸ್ತ್ರಗಳ ಒಪ್ಪಂದದ ಮೂರನೇ ಪಟ್ಟಿಯಲ್ಲಿವೆ. ನಮ್ಮಲ್ಲಿ ಅದಕ್ಕೆ 2000ನೇ ಇಸವಿಯ ಕಾಯ್ದೆ ಇದೆ. ವರ್ಷಕ್ಕೆ 30 ಟನ್ ಮೀರಿ ತಯಾರಿಸಿದರೆ ಘೋಷಣೆ ಕೊಡಬೇಕು. ಆಮದು, ರಫ್ತಿಗೂ ಲೆಕ್ಕ ಒಪ್ಪಿಸಬೇಕು. ಆಕ್ಸಲಿಲ್ ಆ ಪಟ್ಟಿಯಲ್ಲಿಲ್ಲ. ಟ್ಯಾಂಕರ್ ಹಿಂದಿನ ಫಲಕದಲ್ಲಿ 1836 ಅಂತ ಕಂಡರೆ ಥಯೋನಿಲ್, 1810 ಪಿಒಸಿಎಲ್ ತ್ರೀ, 1809 ಪಿಸಿಎಲ್ ತ್ರೀ. ಸೆಕ್ಯುರಿಟಿ ಗೇಟಿನವರಿಗೂ ಈ ಮೂರು ಸಂಖ್ಯೆ ಗೊತ್ತಿರಲಿ.

ಹಾಗಾದರೆ ನಾನು ಹೇಗೆ ಆರಿಸುತ್ತೇನೆ? ಆಮ್ಲದಿಂದ ಆಸಿಡ್ ಕ್ಲೋರೈಡ್, ಅಥವಾ ಆಲ್ಕೋಹಾಲ್‌ನಿಂದ ಕ್ಲೋರೈಡ್ ಆಗಬೇಕು, ಸ್ಕ್ರಬ್ಬರ್ ಗಟ್ಟಿಯಾಗಿದೆ ಅಂದರೆ ಥಯೋನಿಲ್. ಉಂಗುರದ ಹೈಡ್ರಾಕ್ಸಿ ಅಂದರೆ ಪಿಒಸಿಎಲ್ ತ್ರೀ, ಕ್ವೆಂಚ್ ಅಳೆಸಿದ ಮೇಲೆ. ಹಗುರ ಆಸಿಡ್ ಕ್ಲೋರೈಡ್, ಟನ್‌ಗಟ್ಟಲೆ ಬೇಕು, ಫಾಸ್ಫರಸ್ ಆಮ್ಲ ಕೊಳ್ಳುವವರಿದ್ದಾರೆ ಅಂದರೆ ಪಿಸಿಎಲ್ ತ್ರೀ. ಸಣ್ಣ ಬ್ಯಾಚ್, ಸೂಕ್ಷ್ಮ ಅಣು, ಡಿಟೆಕ್ಟರ್ ಇದೆ ಅಂದರೆ ಆಕ್ಸಲಿಲ್. ನಿಮಗೆ ಬೇಕಿರುವುದು ಕೊನೆಗೆ ಒಂದು ಅಮೈಡ್ ಮಾತ್ರವಾದರೆ, ಆಸಿಡ್ ಕ್ಲೋರೈಡ್ ಮಾಡದೆಯೇ ಆಗುತ್ತದಾ ಅಂತ ಆರ್ ಅಂಡ್ ಡಿಯವರನ್ನು ಒಮ್ಮೆ ಕೇಳಿ. ಅಮೈಡ್ ಜೋಡಿಸುವ ಸಿಡಿಐ ಅನ್ನುವ ರಾಸಾಯನಿಕ ಬಳಸಿದರೆ ಹೊರಬರುವ ಅನಿಲ ಬರೀ ಕಾರ್ಬನ್ ಡೈಆಕ್ಸೈಡ್. ಅದೇ ಕೆಲಸದ ಟಿತ್ರೀಪಿ ಬಳಸಿದರೆ ಅನಿಲವೇ ಇಲ್ಲ, ನೀರಲ್ಲಿ ತೊಳೆದುಹೋಗುವ ಫಾಸ್ಫೋನಿಕ್ ಆಮ್ಲ. ಎರಡೂ ಥಯೋನಿಲ್‌ಗಿಂತ ದುಬಾರಿ. ಕಾಸ್ಟಿಕ್, ಸ್ಕ್ರಬ್ಬರ್ ರಿಪೇರಿ, ಕೆಸರು ಸಾಗಣೆ, ಎಲ್ಲ ಸೇರಿಸಿ ಕೂಡಿ ನೋಡಿ, ಆಮೇಲೆ ಪರ್ಚೇಸ್ ವಿಭಾಗಕ್ಕೆ ಹೇಳಿ.